ಟಾರ್ಟ್ ಪಾಠ ಮತ್ತು ನಮ್ಮ ಕೇರಿಯ ಬಾವಿ

ಕಾನೂನು ಕಾಲೇಜಿಗೆ ಸೇರಿದ ಮೊದಲ ವರ್ಷ ನಾನು ತ್ರಾಸಿಯಲ್ಲಿ ಬಸ್ಸು ಹತ್ತಿದರೆ ಕಂಡಕ್ಟರ್ ಮೊದಲು ನೋಡುತ್ತಿದ್ದುದು ನನ್ನ ಕಾಲ ಬುಡವನ್ನು. "ಹ್ವಾಯ್, ಮೀನ್ ಬುಟ್ಟಿ ಹಿಂದ್ ಇಡಿ" ಎನ್ನುತ್ತಿದ್ದ. ನನ್ನ ಹತ್ತಿರ ಪುಸ್ತಕದ ಚೀಲ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ನಾತ ಬರುತ್ತಿದ್ದುದು ನನ್ನ ಚೂಡಿದಾರದಿಂದ. ಸೋಪು ಹಾಕಿ ಒಗೆದು ಒಣಗಿಸಿದರೂ ಇಸ್ತ್ರಿಪೆಟ್ಟಿಗೆಯ ಬಿಸಿ ತಾಗಿದ ಕೂಡಲೇ ಅದು ಬಟ್ಟೆಯೊಳಗಿಂದ ಎದ್ದು ಬರುತ್ತಿತ್ತು.

ನನ್ನ ಅಮ್ಮ ಮೀನು ಮಾರುವವಳು. ಅಪ್ಪ ಇದ್ದಷ್ಟು ದಿನ ದೋಣಿಗೆ ಹೋಗುತ್ತಿದ್ದರು. ಮೀನಿನ ವಾಸನೆ ನಮಗೆ ಯಾವತ್ತೂ ನಾತ ಅನ್ನಿಸಿದ್ದಿಲ್ಲ. ಆದರೆ ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಮ್ಮ ಕೇರಿಯ ಮಗ್ಗುಲಿಗೇ ಫಿಶ್ ಮಿಲ್ ಬಂತು. ಯಾರಿಗೂ ಬೇಡವಾದ, ಲಾರಿಯಲ್ಲೇ ಎರಡು ದಿನ ಕೊಳೆತ ಮೀನನ್ನು ಬೇಯಿಸಿ ಎಣ್ಣೆ ತೆಗೆದು, ಉಳಿದದ್ದನ್ನು ಕೋಳಿ ಆಹಾರಕ್ಕೆ ಹುಡಿ ಮಾಡುವ ಕಾರ್ಖಾನೆ. ಬಾಯ್ಲರ್ ಹೊತ್ತಿಸಿದ ದಿನ ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಡುತ್ತಿದ್ದೆವು. ಹೆಣ ಬೇಯಿಸಿದ ಹಾಗೆ ಎನ್ನುತ್ತಿದ್ದಳು ಅಮ್ಮ. ಅದಕ್ಕಿಂತ ಸರಿಯಾದ ಮಾತು ನನಗೂ ಸಿಕ್ಕಿಲ್ಲ.

ಟಾರ್ಟ್, ಅಂದರೆ ಒಬ್ಬರಿಂದ ಇನ್ನೊಬ್ಬರಿಗೆ ಆದ ಕೇಡಿಗೆ ಪರಿಹಾರ ಕೊಡಿಸುವ ಕಾನೂನಿನ ಪಾಠ ಮಾಡುತ್ತಿದ್ದ ಸರ್ ಹಗಲು ಕುಂದಾಪುರದಲ್ಲಿ ವಕೀಲಿಕೆ ಮಾಡಿ, ಸಂಜೆ ನಮ್ಮ ಕಾಲೇಜಿಗೆ ಬರುತ್ತಿದ್ದರು. ಎಷ್ಟು ಚೆನ್ನಾಗಿ ಹೇಳುತ್ತಿದ್ದರೆಂದರೆ ಸಾಲಿಗ್ರಾಮ, ಬ್ರಹ್ಮಾವರದ ಕಡೆಯವರು ಕೊನೆಯ ಬಸ್ಸಿನ ಚಿಂತೆ ಮರೆತು ಕೂರುತ್ತಿದ್ದರು. ಪಕ್ಕದ ಮನೆಯವನ ಸುಖಕ್ಕೆ ಅಡ್ಡ ಬರದಂತೆ ನಿನ್ನ ಜಾಗವನ್ನು ಅನುಭವಿಸು, ನ್ಯೂಸೆನ್ಸ್, ಅಂದರೆ ಉಪದ್ರವದ ಕಾನೂನು ಇಷ್ಟೇ ಎಂದರು ಒಂದು ಸಂಜೆ. ಜಾಗ ಯಾವುದು ಅನ್ನುವುದೂ ಮುಖ್ಯ ಎಂದು ಸೇರಿಸಿದರು. "ಈಗ ಮೀನುಗಾರರ ಕೇರಿ ಅಂದ್ಕೊಳ್ಳಿ. ಅಲ್ಲಿ ಮೀನಿನ ವಾಸನೆ ಬಂತು ಅಂತ ಯಾರಾದ್ರೂ ದಾವೆ ಹಾಕಿದ್ರೆ?"

ಕ್ಲಾಸು ನಕ್ಕಿತು. ನಾನು ಎದ್ದು, "ಕೊಳೆತದ್ದನ್ನು ಬೇಯಿಸಿದರೆ ಸರ್?" ಎಂದೆ. ಹಿಂದಿನ ಬೆಂಚಿನಿಂದ ಯಾರೋ ಮೂಗು ಮುಚ್ಚಿಕೊಂಡು ಛೀ ಎಂದರು. ಮತ್ತೊಮ್ಮೆ ನಗು. ಸರ್ ಮಾತ್ರ ನಗಲಿಲ್ಲ. "ಒಳ್ಳೆ ಪ್ರಶ್ನೆ. ಆಗ ಅದು ಖಂಡಿತ ನ್ಯೂಸೆನ್ಸ್" ಎಂದರು. ಆ ದಿನ ಅವರ ಮೇಲೆ ನನಗೆ ಹುಟ್ಟಿದ ಗೌರವ ನೆನಪಾದರೆ ಈಗ ಮೈ ಮುದುಡುತ್ತದೆ.

ಆ ಮಳೆಗಾಲದ ಕೊನೆಯಲ್ಲಿ ನಮ್ಮ ಕೇರಿಯ ಬಾವಿ ಹಾಳಾಯಿತು. ಕೊಡಪಾನ ಎತ್ತಿದರೆ ನೀರಿನ ಮೇಲೆ ಜಿಡ್ಡು, ಜಿಡ್ಡಿನೊಳಗೆ ಬಿಳಿ ಹುಳ. ಕಾರಣ ಹುಡುಕಬೇಕಾಗಿರಲಿಲ್ಲ. ಗಂಡಸರು ಕಡಲಿಗೆ, ಹೆಂಗಸರು ಮೀನು ಮಾರಲು ಹೋದ ಹೊತ್ತಿನಲ್ಲಿ ಫಿಶ್ ಮಿಲ್ಲಿನ ಟ್ಯಾಂಕರ್ ಬಂದು, ಮೀನು ಬೇಯಿಸಿದ ಕೊಳೆ ನೀರನ್ನು ನಮ್ಮ ಹಿತ್ತಿಲಿನಲ್ಲಿ ಬಾವಿಯ ಮಗ್ಗುಲಿಗೇ ಹರಿಯುವ ತೋಡಿಗೆ ಬಿಟ್ಟು ಹೋಗುತ್ತಿತ್ತು. ಆ ಟ್ಯಾಂಕರ್ ಓಡಿಸುತ್ತಿದ್ದವರು ನನ್ನ ಸೋದರಮಾವ, ಅಮ್ಮನ ಬೆನ್ನಿಗೆ ಹುಟ್ಟಿದ ತಮ್ಮ.

ಅಮ್ಮ ಮಾವನನ್ನು ಜಗಲಿಗೆ ಹತ್ತಿಸದೆ ಅಂಗಳದಲ್ಲೇ ನಿಲ್ಲಿಸಿ ಕೇಳಿದಳು. "ನೀನ್ ಹುಟ್ಟಿ ಬೆಳ್ದ್ ಕೇರಿ ಅಲ್ದಾ? ಈ ಬಾವಿ ನೀರೇ ಅಲ್ದಾ ನೀನ್ ಕುಡ್ದದ್ದ್?"

"ನಾ ಎಂತ ಮಾಡ್ಲಕ್ಕಾ? ಧಣಿ ಎಲ್ಲ್ ಬಿಡ್ ಅಂತ್ರೋ ಅಲ್ಲ್ ಬಿಡೂದ್. ಹೊಳಿಗ್ ಹೋಯ್ ಬಪ್ಪುಕೆ ಡೀಸೆಲ್ ಜಾಸ್ತಿ ಆತ್ತ್ ಅಂತ್ರ್."

ನನ್ನ ತಲೆಯಲ್ಲಿ ದೀಪ ಹೊತ್ತಿತು. ಹಿಂದಿನ ವಾರವಷ್ಟೇ ಪಾಠವಾಗಿತ್ತು: ಕೆಲಸದವನು ಕೆಲಸದ ಸಲುವಾಗಿ ಮಾಡಿದ ಕೇಡಿಗೆ ಯಜಮಾನನೇ ಹೊಣೆ. ವೈಕೇರಿಯಸ್ ಲಯಬಿಲಿಟಿ. ನಾನು ಕೇರಿಯ ಹೆಂಗಸರ ಪರವಾಗಿ ಒಂದು ಮನವಿ ಬರೆದೆ, ಮೊದಲ ಹೆಸರು ಅಮ್ಮನದು. ಗ್ರಾಮಸಭೆಯಲ್ಲಿ ಅಮ್ಮನ ಪಕ್ಕ ನಿಂತು ಅದನ್ನು ಗಟ್ಟಿಯಾಗಿ ಓದಿದೆ. ಮಿಲ್ಲಿನ ಧಣಿ ಮುಂದಿನ ಸಾಲಿನಲ್ಲೇ ಬಿಳಿ ಪಂಚೆ ಉಟ್ಟು ಕೂತಿದ್ದರು. ಎದ್ದು ನಿಂತು, "ಮೀನ್ ಮಾರೂರಿಗೆ ಮೀನ್ ವಾಸ್ನಿ ಆತಿಲ್ಯಾ?" ಎಂದು ಸಭೆಯ ಕಡೆ ನೋಡಿ ನಕ್ಕರು. ನಮ್ಮವರೇ ಕೆಲವರು ನಕ್ಕರು, ಅವರ ದೋಣಿಯ ಮೀನನ್ನು ಕೊಳ್ಳುತ್ತಿದ್ದವರು ಇದೇ ಧಣಿ.

ಕೆಲವು ದಿನಗಳಲ್ಲಿ ಅಮ್ಮನ ಹೆಸರಿಗೆ ವಕೀಲರ ನೋಟೀಸು ಬಂತು. ಸಾರ್ವಜನಿಕ ಸಭೆಯಲ್ಲಿ ಸುಳ್ಳು ಆಪಾದನೆ ಮಾಡಿ ಕಕ್ಷಿದಾರರ ಮಾನಹಾನಿ ಮಾಡಿದ್ದೀರಿ, ಬಹಿರಂಗ ಕ್ಷಮೆ ಕೇಳದಿದ್ದರೆ ದಾವೆ ಹೂಡುತ್ತೇವೆ. ಓದುತ್ತಾ ಹೋದಂತೆ ವಾಕ್ಯಗಳು ಪರಿಚಯದವು ಅನ್ನಿಸತೊಡಗಿದವು. ಸಮಾಜದ ಸಜ್ಜನರ ಕಣ್ಣಿನಲ್ಲಿ ಒಬ್ಬನನ್ನು ಕೀಳಾಗಿಸುವ ಮಾತು. ಇದನ್ನು ನಾನು ಹೀಗೇ, ಪದಕ್ಕೆ ಪದ, ಕ್ಲಾಸಿನಲ್ಲಿ ಬರೆದುಕೊಂಡಿದ್ದೆ. ಕೆಳಗೆ ಸಹಿ ನಮ್ಮ ಸರ್‌ದು.

ಮರುದಿನ ಅವರ ಆಫೀಸಿಗೆ ಹೋದೆ. ಅವರು ಪೇಪರಿನ ಮೇಲೆ ಗೋಳಿಬಜೆ ಹರಡಿಕೊಂಡು ತಿನ್ನುತ್ತಿದ್ದರು. ನನ್ನನ್ನು ಕಂಡು ಸ್ವಲ್ಪವೂ ಮುಜುಗರಪಡದೆ, "ಬಾ, ಕೂತ್ಕೋ, ತಿನ್ನು" ಎಂದರು.

"ಸರ್, ಕೊಳೆತದ್ದು ಬೇಯಿಸಿದರೆ ನ್ಯೂಸೆನ್ಸ್ ಅಂತ ನೀವೇ ಹೇಳಿದ್ದು."

"ಹೌದು. ಈಗ್ಲೂ ಹೇಳ್ತೆ. ಪಾಠ ಬೇರೆ, ಕಸ್ಬ್ ಬೇರೆ, ಮಾರಾಯ್ತಿ." ಚಟ್ನಿಯಲ್ಲಿ ಅದ್ದಿದ ಬೆರಳನ್ನು ಚೀಪಿದರು. "ನೀನು ಹೇಳಿದ್ದು ಸತ್ಯ ಆದ್ರೆ ಮಾನಹಾನಿ ಆಗೂದಿಲ್ಲ. ಅದನ್ನೂ ನಾನೇ ಕಲಿಸಿದ್ದು. ಆದ್ರೆ ಸತ್ಯ ಅಂತ ಸಾಬೀತು ಮಾಡುದು ಯಾರು? ನಿನ್ನ ಮಾವನಾ?"

ಮಾವನ ವಿಷಯ ಇವರಿಗೆ ಹೇಗೆ ಗೊತ್ತು ಎಂದು ಯೋಚಿಸುತ್ತಿರುವಾಗಲೇ ಅವರು ಮೇಜಿನ ಮೇಲಿದ್ದ ಒಂದು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ಮಾವ ಹೆಬ್ಬೆಟ್ಟು ಒತ್ತಿದ ಹೇಳಿಕೆ: ಯಜಮಾನರು ಬೇಡವೆಂದರೂ ನಾನು ಸ್ವಂತ ಬುದ್ಧಿಯಿಂದ ಅಲ್ಲಿ ನೀರು ಬಿಟ್ಟೆ. ಅಷ್ಟು ಹೇಳಿದರೆ ಹೊಣೆ ಯಜಮಾನನ ತಲೆಯಿಂದ ಇಳಿಯುತ್ತದೆ. ಹಾಳೆಯ ಮೂಲೆಯಲ್ಲಿ ಗೋಳಿಬಜೆಯ ಎಣ್ಣೆ ಹತ್ತಿತ್ತು. ಮಾವ ಏಳನೆಯ ತರಗತಿ ಓದಿದವರು, ಚೆಂದದ ಸಹಿ ಇದ್ದವರು. ಆದರೂ ಹೆಬ್ಬೆಟ್ಟು ಒತ್ತಿಸಿದ್ದರು. ಏನೂ ತಿಳಿಯದ ಬಡಪಾಯಿ ಎಂದು ತೋರಿಸುವುದಕ್ಕೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೆಟ್ಟಿಲಿಳಿದು, ಸೇತುವೆಯ ಕಡೆ ನಡೆದು, ಗಾಳಿಗೆ ಮುಖ ಒಡ್ಡಿ ನಿಂತೆ.

ಮಾವನನ್ನು ಧಣಿ ಕೆಲಸದಿಂದ ತೆಗೆದಂತೆ ತೋರಿಸಿ, ಮುಂಬೈಯಲ್ಲಿದ್ದ ತಮ್ಮದೇ ಹೋಟೆಲಿಗೆ ಕಳಿಸುವ ಏರ್ಪಾಡು ಮಾಡಿದ್ದರು. ನಾವು ಬಿಡಲಿಲ್ಲ. ಕುಂದಾಪುರದ ಉಪವಿಭಾಗಾಧಿಕಾರಿಗೆ ಸಾರ್ವಜನಿಕ ಉಪದ್ರವ ಎಂದು ದೂರು ಕೊಟ್ಟೆವು. ವಿಚಾರಣೆಯ ದಿನ ಮಾವ ಹೊಸ ಅಂಗಿ ಹಾಕಿಕೊಂಡು ಬಂದು, ಸರ್ ಪಕ್ಕದಲ್ಲಿ ನಿಂತು, ಅಕ್ಕನ ಕಡೆ ಒಮ್ಮೆಯೂ ನೋಡದೆ ಹೇಳಿದರು: "ನಾನೇ ಮಾಡದ್ದ್. ಧಣಿಗ್ ಎಂತದೂ ಗೊತ್ತಿಲ್ಲೆ."

ಆಗ ಸರ್ ನನ್ನ ಕಡೆ ನೋಡಿ ಸಣ್ಣಗೆ ತಲೆಯಾಡಿಸಿದರು, ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದವಳನ್ನು ಸಮಾಧಾನ ಮಾಡುವ ಹಾಗೆ. ಮಾವನ ಸುಳ್ಳಿಗಿಂತ ಹೆಚ್ಚಿನ ಅಸಹ್ಯ ನನಗೆ ಆ ಕರುಣೆಯಿಂದ ಆಯಿತು.

ಮಾವ ಮುಂಬೈಗೆ ಹೋದರು. ಡ್ರೈವರನ ಸ್ವಂತ ಬುದ್ಧಿ ಹೋದ ಮೇಲೆ ಕೊಳೆ ನೀರೂ ನಿಲ್ಲಬೇಕಿತ್ತಲ್ಲ? ಹದಿನೈದು ದಿನವೂ ಆಗಿರಲಿಲ್ಲ. ಒಂದು ಮಧ್ಯಾಹ್ನ ನಾನು ಓದಲೆಂದು ಮನೆಯಲ್ಲಿದ್ದಾಗ ತೋಡಿನ ಹತ್ತಿರ ಟ್ಯಾಂಕರ್ ಹಿಂದಕ್ಕೆ ಬರುವ ಸದ್ದು ಕೇಳಿತು. ಓಡಿ ಹೋಗಿ ಕೂಗಿದೆ. ಮಾರುಕಟ್ಟೆಯಿಂದ ಆಗತಾನೆ ಬಂದಿದ್ದ ಅಮ್ಮ ಬುಟ್ಟಿ ಕೆಳಗಿಟ್ಟು ಓಡಿ ಬಂದಳು. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಬಂದು ಟ್ಯಾಂಕರಿನ ಮುಂದೆಯೂ ಹಿಂದೆಯೂ ಕೂತುಬಿಟ್ಟರು. ಪೈಪಿನಿಂದ ಕಂದು ಬಣ್ಣದ ನೊರೆನೀರು ಇನ್ನೂ ಸುರಿಯುತ್ತಿತ್ತು. ಅದು ಹರಿದು ಬಂದು ಅವರ ಸೀರೆಯ ಅಂಚನ್ನು ನೆನೆಸಿತು. ಒಬ್ಬಳು ಪಕ್ಕಕ್ಕೆ ತಿರುಗಿ ವಾಂತಿ ಮಾಡಿ, ಬಾಯಿ ಒರೆಸಿಕೊಂಡು ಮತ್ತೆ ಅಲ್ಲೇ ಕೂತಳು.

ನಾನು ಸೈಕಲ್ ಹತ್ತಿ ಹೆದ್ದಾರಿಯ ಬದಿಯ ಫೋನ್ ಬೂತಿಗೆ ಹೋಗಿ ಉಪವಿಭಾಗಾಧಿಕಾರಿಯ ಕಚೇರಿಗೆ ಫೋನ್ ಮಾಡಿದೆ. ಕಂದಾಯ ಇಲಾಖೆಯವರು ಜೀಪಿನಲ್ಲಿ ಬಂದು ಇಳಿದದ್ದೇ ಕರವಸ್ತ್ರ ಮೂಗಿಗೆ ಒತ್ತಿಕೊಂಡರು. ಹೊಸ ಡ್ರೈವರ್ ಘಟ್ಟದ ಮೇಲಿನವನು, ಕೆಳಗಿಳಿದು ಕೈಮುಗಿದ. "ಸ್ವಾಮಿ, ನಂಗೇನು ಗೊತ್ತು? ಸಾಹುಕಾರ್ರೇ ಬಂದು ಜಾಗ ತೋರ್ಸವ್ರೆ. ಇಲ್ಲೇ ಬಿಡು ಅಂದ್ರು."

"ಹಿಂದಿನ್ ಡ್ರೈವರಿಗೂ ಅವ್ರೇ ತೋರ್ಸದ್ದ್. ಈಗಾರೂ ಬರ್ಕಣಿ" ಎಂದಳು ಅಮ್ಮ.

ಅವರು ಬರೆದುಕೊಂಡರು. ಮುಂದಿನ ವಿಚಾರಣೆಗೆ ಸರ್ ಬರಲಿಲ್ಲ. ತಮ್ಮ ಜೂನಿಯರನ್ನು ಕಳಿಸಿದರು. ಮಿಲ್ಲಿನ ನೀರನ್ನು ಶುದ್ಧ ಮಾಡುವ ವ್ಯವಸ್ಥೆ ಆಗುವವರೆಗೆ ಬಾಯ್ಲರ್ ಹೊತ್ತಿಸಬಾರದು, ತೋಡು ಮತ್ತು ಬಾವಿಯನ್ನು ಮಿಲ್ಲಿನವರ ಖರ್ಚಿನಲ್ಲಿ ಚೊಕ್ಕಟ ಮಾಡಿಸಿ ಕೊಡಬೇಕು ಎಂದು ಆದೇಶವಾಯಿತು. ಮಾನಹಾನಿಯ ದಾವೆ ಬರಲೇ ಇಲ್ಲ. ಬಾವಿಯ ಕೆಸರೆತ್ತಿದರು, ಸುಣ್ಣ ಹಾಕಿದರು, ನೀರು ತಿಳಿಯಾಯಿತು. ಆದರೂ ಕೇರಿಯವರು ಯಾರೂ ಅದನ್ನು ಕುಡಿಯಲಿಲ್ಲ. ಮನೆಗೆ ನಳ್ಳಿ ನೀರು ಬರುವವರೆಗೆ ದೂರದ ಬಾವಿಯಿಂದ ಹೊತ್ತೆವು. ಮಿಲ್ಲು ಮತ್ತೆ ಶುರುವಾಯಿತು, ನಾತ ಮೊದಲಿನಷ್ಟಿಲ್ಲ, ಆದರೆ ಇದೆ.

ಮಾವ ಒಂದೆರಡು ವರ್ಷ ಬಿಟ್ಟು ಊರಿಗೆ ಬಂದವರು ನೇರ ನಮ್ಮ ಮನೆಗೆ ಬಂದರು. ಅಮ್ಮ ಬೈಗೆ ಮೀನಿನ ಸಾರು, ಅನ್ನ ಬಡಿಸಿದಳು. ಅವರು ಉಂಡು ಕೈ ತೊಳೆಯುತ್ತಾ, "ಅಕ್ಕಾ, ಎಂತಾರೂ ಮಾತಾಡೆ" ಎಂದರು. "ಉಂಡ್ರಲೆ, ಹೋಯ್ನಿ" ಎಂದಳು ಅಮ್ಮ. ತಮ್ಮನಿಗೆ ಅವಳು ಹೊರಗಿನವರಿಗೆ ಹೇಳುವ ಹಾಗೆ 'ಹೋಯ್ನಿ' ಎಂದು ಬಹುವಚನ ಹಚ್ಚಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆ ವರ್ಷವೇ ನನ್ನ ಕೊನೆಯ ಪರೀಕ್ಷೆ ಮುಗಿಯಿತು. ಸರ್ ಕಾಲೇಜಿನ ಮೆಟ್ಟಿಲ ಬಳಿ ನಿಲ್ಲಿಸಿ, "ನನ್ನ ಆಫೀಸಿಗೆ ಜೂನಿಯರ್ ಆಗಿ ಬಾ. ನಿನ್ನಂಥೋರು ಬೇಕು" ಎಂದರು. ಮನಸ್ಸಿನಿಂದಲೇ ಹೇಳಿದರು ಎಂದು ನನಗೆ ಗೊತ್ತು. ಹಾಗೆ ಮನಸ್ಸಿನಿಂದ ಹೇಳಬಲ್ಲರು ಅನ್ನುವುದೇ ನನಗೆ ಹೇಸಿಗೆ ಹುಟ್ಟಿಸಿತು.

ಬೈಂದೂರಿನಲ್ಲಿ ಒಬ್ಬರು ಹಿರಿಯ ವಕೀಲರ ಹತ್ತಿರ ಸೇರಿಕೊಂಡೆ. ಈಗ ಕುಂದಾಪುರದ ಕೋರ್ಟಿನಲ್ಲಿ ಸರ್ ಎದುರಾದಾಗಲೆಲ್ಲ ಅಕ್ಕಪಕ್ಕದವರಿಗೆ ನನ್ನನ್ನು ತೋರಿಸಿ, "ಇವಳು ನನ್ನ ಶಿಷ್ಯೆ, ಟಾರ್ಟ್ ನನ್ನ ಹತ್ತಿರವೇ ಕಲಿತದ್ದು" ಎನ್ನುತ್ತಾರೆ. ಹೌದು ಎನ್ನುತ್ತೇನೆ. ಸುಳ್ಳಲ್ಲವಲ್ಲ.