ಮಧ್ಯಕ್ಕೆ ಮೂರು ಸಲ

ಕೋಲ್ಬಿ ರಾಲ್ಸ್‌ಗೆ ಇಪ್ಪತ್ತಾರು ವರ್ಷ. ಅಲಬಾಮಾದ ಹಾರ್ಲೋ ಊರಿನ ಟೈರ್ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವುದು ಅವನ ಕೆಲಸ. ಶಾಲೆಯ ಫುಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷ ಇದ್ದ. ನಾಲ್ಕೂ ವರ್ಷ ಬೆಂಚಿನ ಮೇಲೆ. ಅವನ ಆಟದ ಅಂಗಿ ಕೊಳೆಯಾದದ್ದು ಒಂದೇ ಸಲ, ಅದೂ ಪಕ್ಕದವನು ಐಸ್‌ಕ್ರೀಮ್ ಚೆಲ್ಲಿದ್ದರಿಂದ. ಇಷ್ಟು ಅನುಭವ ಸಾಲದೇ? ಗುರುವಾರ ಸಂಜೆ ರೇಡಿಯೋಗೆ ಫೋನ್ ಮಾಡಿ ಹಾರ್ಲೋ ಕಾಲೇಜಿನ ಕೋಚುಗಳಿಗೆ ಬುದ್ಧಿ ಹೇಳುವವರಲ್ಲಿ ಅವನೇ ಮುಂದು. ಅಲ್ಲಿ ಯಾರೂ ಸ್ವಂತ ಹೆಸರು ಹೇಳುವುದಿಲ್ಲ. ಇವನ ಹೆಸರು ‘ಬೆಂಚ್ ಬಕ್’.

ಆ ವರ್ಷ ಊರಿನ ಕೋಪವೆಲ್ಲ ವಾಸ್ನಿಕ್ ಎಂಬೊಬ್ಬನ ಮೇಲೆ. ಚೆಂಡು ನಮ್ಮವರ ಕೈಯಲ್ಲಿದ್ದಾಗ ಏನು ಮಾಡಬೇಕೆಂದು ಕ್ರೀಡಾಂಗಣದ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಹೇಳುವ ಕೋಚ್ ಅವನು. ಅಮೆರಿಕದ ಈ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಎಸೆಯಬಹುದು; ಹತ್ತು ಗಜ ಮುಂದೆ ಹೋಗಲು ನಾಲ್ಕು ಅವಕಾಶ. ಹೋದ ತಿಂಗಳವರೆಗೂ ಚೆಂಡನ್ನು ದೂರ ದೂರಕ್ಕೆ ಎಸೆಸುತ್ತಿದ್ದವನು, ಇದ್ದಕ್ಕಿದ್ದಂತೆ ಅದನ್ನು ಒಬ್ಬನ ಹೊಟ್ಟೆಗೆ ಒತ್ತಿಸಿ ನೇರ ಮಧ್ಯಕ್ಕೆ, ಎದುರಾಳಿಗಳ ಗುಂಪಿನೊಳಕ್ಕೇ ನುಗ್ಗಿಸತೊಡಗಿದ್ದ. ಒಂದು ಸಲ, ಎರಡು ಸಲ, ಮೂರು ಸಲ. ನಾಲ್ಕನೆಯದಕ್ಕೆ ಚೆಂಡನ್ನು ಒದ್ದು ಎದುರಿನವರಿಗೆ ಒಪ್ಪಿಸುವುದು. ಸಾಲಾಗಿ ಮೂರು ಪಂದ್ಯ ಸೋತಾಗಿತ್ತು.

“ಮಧ್ಯಕ್ಕೆ ಮೂರು ಸಲ, ಆಮೇಲೆ ಒದ್ದು ಬಿಸಾಕು!” ಎಂದು ಬೆಂಚ್ ಬಕ್ ರೇಡಿಯೋದಲ್ಲಿ ರಾಗವಾಗಿ ಹೇಳಿದ್ದೇ ತಡ, ಹದಿನೈದು ದಿನದಲ್ಲಿ ಅದು ಟೀ ಶರ್ಟುಗಳ ಮೇಲೆ ಅಚ್ಚಾಗಿ ಬಂತು. ಜೀವಮಾನದಲ್ಲಿ ತಾನು ಸೃಷ್ಟಿಸಿದ ಒಂದೇ ಒಂದು ವಸ್ತುವನ್ನು ಕೋಲ್ಬಿಯೂ ದುಡ್ಡು ಕೊಟ್ಟೇ ಕೊಂಡ.

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ನೀಲಿ ವ್ಯಾನೊಂದು ಬಂತು. ಹಿಂದಿನ ಟೈರಿನ ಪಕ್ಕಕ್ಕೇ ಮೊಳೆ ಹೊಕ್ಕಿತ್ತು. ಪಂಚರ್ ಹಾಕುವಂತಿಲ್ಲ, ಹೊಸ ಟೈರೇ ಬೇಕು, ಅದು ಪಕ್ಕದ ಊರಿನಿಂದ ಬರಬೇಕು. ವ್ಯಾನಿನ ಒಡತಿ ಎಪ್ಪತ್ತರ ಆಸುಪಾಸಿನ ಹೆಂಗಸು. ಹೆಸರು ಕೇಳಿ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದ ಕೋಲ್ಬಿಯ ಪೆನ್ನು ಅರ್ಧಕ್ಕೇ ನಿಂತಿತು.

“ವಾಸ್ನಿಕ್. ಲೊರೇನ್ ವಾಸ್ನಿಕ್” ಎಂದಳು ಅವಳು. “ಪೆನ್ಸಿಲ್ವೇನಿಯಾದಿಂದ ಎರಡು ದಿನ ಗಾಡಿ ಓಡಿಸ್ಕೊಂಡು ಬಂದೆ. ನಾಳೆ ಮಗನ ಆಟ ನೋಡ್ಬೇಕು.”

“ಮುಕ್ಕಾಲು ಗಂಟೆ ಆಗತ್ತೆ ಮೇಡಂ” ಎಂದ ಕೋಲ್ಬಿ. ಅವನ ಕಣ್ಣು ಗೋಡೆಯ ಗಡಿಯಾರದಿಂದ ರೇಡಿಯೋ ಕಡೆಗೆ ಹೊರಳಿತು. ಗುರುವಾರದ ಮಾತುಕತೆಯನ್ನು ಶುಕ್ರವಾರ ಬೆಳಗ್ಗೆ ಮತ್ತೆ ಹಾಕುತ್ತಾರೆ. ಹತ್ತೂವರೆಯ ಟ್ರ್ಯಾಕ್ಟರಿನ ಜಾಹೀರಾತು ಮುಗಿದ ಮೇಲೆ ಬೆಂಚ್ ಬಕ್‌ನ ಸರದಿ. ನಿನ್ನೆ ಅವನು ಹೇಳಿದ್ದರಲ್ಲಿ ಈ ಹೆಂಗಸಿನ ಬಗ್ಗೆಯೂ ಒಂದು ಮಾತಿತ್ತು.

ರೇಡಿಯೋ ಆರಿಸಿದರಾಯಿತಲ್ಲ ಎಂದು ಹೊರಗಿನವರು ಕೇಳಬಹುದು. ಎರಡು ವರ್ಷದ ಹಿಂದೆ ಒಬ್ಬ ಮೆಕ್ಯಾನಿಕ್ ಶುಕ್ರವಾರದ ದಿನ ಹಾಡು ಕೇಳಲೆಂದು ಸ್ಟೇಷನ್ ತಿರುಗಿಸಿದ. ಶನಿವಾರ ಕಡೆಯ ಒದೆತದಲ್ಲಿ ಹಾರ್ಲೋ ಸೋತಿತು. ಅಂದಿನಿಂದ ಆಟದ ತಿಂಗಳುಗಳಲ್ಲಿ ರೇಡಿಯೋದ ಗುಂಡಿಗಳಿಗೆ ಮಾಲೀಕ ಕಪ್ಪು ಟೇಪು ಸುತ್ತುತ್ತಾನೆ. ಆ ಮೆಕ್ಯಾನಿಕ್ ಈಗ ಬೇರೆ ಊರಿನಲ್ಲಿದ್ದಾನೆ. ಹೆಚ್ಚಿನ ಸಂಬಳಕ್ಕೆ ಹೋದ ಎನ್ನುತ್ತಾರೆ, ಯಾರೂ ನಂಬುವುದಿಲ್ಲ.

“ಹೊರಗಡೆ ಕೂರೋಕೆ ಜಾಗ ಇದೆ ಮೇಡಂ, ತಂಪಾಗಿದೆ” ಎಂದು ಕೋಲ್ಬಿ ಕೊನೆಯ ಉಪಾಯ ಹೂಡಿದ.

“ಎರಡು ದಿನದಿಂದ ಗಾಳೀನೇ ಕುಡೀತಿದೀನಪ್ಪ. ಇಲ್ಲೇ ಸರಿ” ಎಂದು ಅವಳು ರೇಡಿಯೋದ ಕೆಳಗಿನ ಕುರ್ಚಿಯಲ್ಲೇ ಕೂತು ಚೀಲದಿಂದ ಪದಬಂಧದ ಪುಸ್ತಕ ತೆಗೆದಳು.

ಅಲ್ಲಿ ಆಗಲೇ ಇಬ್ಬರಿದ್ದರು; ತಮ್ಮ ವಾದದ ಭರದಲ್ಲಿ ಕೌಂಟರಿನ ಮಾತು ಅವರ ಕಿವಿಗೆ ಬಿದ್ದಿರಲಿಲ್ಲ. ಇಬ್ಬರಿಗೂ ಟೈರಿನ ಕೆಲಸವಿರಲಿಲ್ಲ. ಕ್ಷೌರಿಕ ವೆರ್ನ್, ತನ್ನ ಅಂಗಡಿ ತೆರೆಯುವ ಮುಂಚೆ ಇಲ್ಲಿನ ಪುಕ್ಕಟೆ ಕಾಫಿಗೆ ಬರುವವನು. ಇನ್ನೊಬ್ಬರು ನಿವೃತ್ತ ಅಂಚೆಯವ ಗಾರ್ಲಂಡ್. ಬೇಯಿಸಿದ ಕಡಲೆಕಾಯಿಯ ಪೊಟ್ಟಣ ಬಿಚ್ಚಿಕೊಂಡು ಇಡೀ ಊರಿನಲ್ಲಿ ವಾಸ್ನಿಕ್‌ನ ಪರ ವಾದಿಸುವ ಏಕೈಕ ಮನುಷ್ಯ.

“ಮೊದಲನೇದು ಮಧ್ಯಕ್ಕೆ, ಸರಿ. ಎರಡನೇದೂ ಮಧ್ಯಕ್ಕೆ, ಹೋಗ್ಲಿ. ಮೂರನೇದೂನಾ?” ಎಂದು ವೆರ್ನ್ ಲೋಟ ಕುಕ್ಕಿದ. “ನಮ್ಮತ್ತೆ ಸ್ವೆಟರ್ ಹೆಣೀತಾ ತಲೆ ಎತ್ತದೇನೇ ಹೇಳ್ತಾಳೆ, ಮುಂದೇನಾಗತ್ತೆ ಅಂತ. ಎದುರಿನ ಟೀಮಿಗೆ ಗೊತ್ತಾಗಲ್ವಾ?”

“ಮೂವತ್ತೊಂದು ವರ್ಷ ಟಪಾಲು ಹಂಚಿದೀನಿ ವೆರ್ನ್. ದಿನಾ ಅದೇ ದಾರಿ. ನಾನ್ ಬರೋದು ಎಲ್ಲಾ ನಾಯಿಗೂ ಗೊತ್ತಿತ್ತು. ಆದ್ರೂ ಕಾಗದ ತಲುಪ್ತಿತ್ತೋ ಇಲ್ವೋ?”

“ಎಷ್ಟು ಸಲ ಕಚ್ಚಿಸ್ಕೊಂಡ್ರಿ?”

“ನಾಲ್ಕು.”

“ಅದೇ ನಾನ್ ಹೇಳ್ತಿರೋದು!”

ಪದಬಂಧದ ಪೆನ್ಸಿಲು ನಿಂತಿತ್ತು. ಕೋಲ್ಬಿ ವೆರ್ನ್‌ಗೆ ಕಣ್ಸನ್ನೆ ಮಾಡಿದ. “ಕಣ್ಣಿಗೇನೋ ಬಿತ್ತು ಇವನಿಗೆ” ಎಂದ ವೆರ್ನ್. ಗಾರ್ಲಂಡ್ ಕರವಸ್ತ್ರ ಕೊಡಲು ಬಂದರು. ಒಳಗೆ ಟೈರ್ ಬಂದ ಸದ್ದಾಯಿತು. ಕೋಲ್ಬಿ ಓಡಿಹೋಗಿ ಮೆಕ್ಯಾನಿಕ್‌ಗೆ “ಬೇಗ ಮಾಡೋ ಮಾರಾಯ” ಎಂದು ಬೇಡಿ ವಾಪಸು ಬರುವಷ್ಟರಲ್ಲಿ ಟ್ರ್ಯಾಕ್ಟರಿನ ಜಾಹೀರಾತು ಮುಗಿದಿತ್ತು.

“ಏಯ್, ಸುಮ್ನಿರಿ, ನಮ್ಮ ಹುಡುಗ ಬಂದ!” ಎಂದು ವೆರ್ನ್ ರೇಡಿಯೋದತ್ತ ಬೆರಳು ಮಾಡಿ, ಅದೇ ಬೆರಳನ್ನು ಕೋಲ್ಬಿಯತ್ತ ತಿರುಗಿಸಿದ. “ಕೇಳಿ ಮೇಡಂ. ಈ ಕೌಂಟರಲ್ಲಿ ನಿಂತಿದಾನಲ್ಲ, ಇವನೇ ಬೆಂಚ್ ಬಕ್. ಊರಿಗೇ ಹೆಸರುವಾಸಿ.”

ಕೋಲ್ಬಿ ಕೌಂಟರಿನ ಹಿಂದೆ ನಿಂತಲ್ಲೇ ಕುಗ್ಗಿದ. ಅವನ ಧ್ವನಿ ಮಾತ್ರ ಗೋಡೆಯ ಮೇಲಿಂದ ಎದೆಯುಬ್ಬಿಸಿಕೊಂಡು ಬಂತು: “ಮೂರನೇ ಸಲ ಬಂದಾಗ ವಾಸ್ನಿಕ್‌ನ ಹೆತ್ತಮ್ಮನೂ ಕಣ್ಣು ಮುಚ್ಕೋತಾಳೆ ಸಾರ್!” ರೇಡಿಯೋದವರು ನಕ್ಕರು. ವೆರ್ನ್ ತೊಡೆ ತಟ್ಟಿಕೊಂಡ. ಗಾರ್ಲಂಡ್ ಕೂಡ ಕಡಲೆಕಾಯಿ ಬಾಯಲ್ಲಿಟ್ಟುಕೊಂಡೇ ನಕ್ಕರು. ಅವಳು ನಗಲಿಲ್ಲ, ಎದ್ದು ಹೋಗಲೂ ಇಲ್ಲ. ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು.

ವ್ಯಾನು ತಯಾರಾಯಿತು. ಗಿರಾಕಿಗಳನ್ನು ಮನೆತನದ ಹೆಸರಿನಿಂದ ಗಟ್ಟಿಯಾಗಿ ಕೂಗಬೇಕೆಂಬುದು ಆ ಅಂಗಡಿಯ ಪದ್ಧತಿ. ಕೋಲ್ಬಿ ಚೀಟಿ ನೋಡಿದ, ವೆರ್ನ್‌ನನ್ನು ನೋಡಿದ.

“ನೀಲಿ ವ್ಯಾನ್” ಎಂದ, ತನಗೇ ಕೇಳಿಸದಷ್ಟು ಮೆಲ್ಲಗೆ.

ಅವಳು ಕೌಂಟರಿಗೆ ಬಂದಳು. “ನನ್ ಹೆಸರು ಅಲ್ಲಿ ಬರ್ದಿದೆಯಲ್ಲ. ಓದೋಕೆ ಬರಲ್ವಾ?” ಅವಳದೂ ಮೆಲುದನಿಯೇ.

“ಬರತ್ತೆ ಮೇಡಂ. ನಾನು... ತಪ್ಪಾಯ್ತು.”

“ನಾನ್ ಕಣ್ಣು ಮುಚ್ಕೊಳಲ್ಲ ಮಗನೇ. ಅವನಿಗೆ ಒಂಬತ್ತು ವರ್ಷ ಇದ್ದಾಗಿಂದ ಒಂದು ಆಟಕ್ಕೂ ಮುಚ್ಕೊಂಡಿಲ್ಲ.” ಅವಳು ಚೀಟಿಯ ಮೇಲೆ ದುಡ್ಡು ಎಣಿಸಿಟ್ಟಳು. “ಎಸೀಬೇಕಂತೆ! ಎಸೆಯೋ ಆ ಹುಡುಗನಿಗೆ ಭುಜ ಎತ್ತೋಕೇ ಆಗ್ತಿಲ್ಲ. ಹೊರಗೆ ಗೊತ್ತಾದ್ರೆ ಎದುರಿನವರೆಲ್ಲ ಆ ಭುಜದ ಮೇಲೇ ಬೀಳ್ತಾರೆ ಅಂತ ನನ್ ಮಗ ಒಬ್ನೇ ಬೈಸ್ಕೊಂಡು...” ಎಂದವಳು ಸರಕ್ಕನೆ ಬಾಯಿಗೆ ಕೈ ಅಡ್ಡ ಹಿಡಿದಳು.

ಕೋಲ್ಬಿ ವೆರ್ನ್ ಕಡೆ ನೋಡಿದ; ಅವನು ಇನ್ನೊಂದು ಕಾಫಿ ಬಗ್ಗಿಸಿಕೊಳ್ಳುತ್ತಿದ್ದ.

“ನೀನು ಏನೂ ಕೇಳಿಸ್ಕೊಂಡಿಲ್ಲ” ಎಂದಳು. ಅದು ಆಜ್ಞೆಯಾಗಿರಲಿಲ್ಲ, ಬೇಡಿಕೊಂಡಂತಿತ್ತು.

“ಇಲ್ಲ ಮೇಡಂ.”

ವ್ಯಾನು ಹೋದ ಮೇಲೆ ವೆರ್ನ್ ಕೇಳಿದ, “ಏನಂತೆ ಆಯಮ್ಮಂದು?”

“ಟೈರಿನ ರೇಟು ಜಾಸ್ತಿ ಅಂದ್ರು.”

“ಹೋಗ್ಲಿ ಬಿಡು. ನೀನೇ ತೀರ್ಪು ಹೇಳಪ್ಪ ಬಕ್, ಈ ಮನುಷ್ಯ ಯಾಕೆ ಎಸೆಸಲ್ಲ?”

ಇಡೀ ಹಾರ್ಲೋ ಒಂದು ತಿಂಗಳಿಂದ ಹುಡುಕುತ್ತಿದ್ದ ಉತ್ತರ ಕೋಲ್ಬಿಯ ನಾಲಿಗೆಯ ತುದಿಯಲ್ಲಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಅವನಿಗೆ ಫುಟ್‌ಬಾಲ್ ಬಗ್ಗೆ ನಿಜವಾಗಿ ಏನೋ ಗೊತ್ತಿತ್ತು. “ಗೊತ್ತಿಲ್ಲ” ಎಂದು ಗಿರಾಕಿಗಳಿಗೆಂದು ಇಟ್ಟಿದ್ದ ಪಾಪ್‌ಕಾರ್ನ್ ಯಂತ್ರ ಒರೆಸತೊಡಗಿದ.

ಶನಿವಾರ ಮಧ್ಯಾಹ್ನದ ಬಿಸಿಲಿನಲ್ಲಿ ಅವನ ಸೀಟು ಎಂದಿನಂತೆ ವೆರ್ನ್ ಮತ್ತು ಗಾರ್ಲಂಡ್ ನಡುವೆ. ಮೈಮೇಲೆ ಅದೇ ಟೀ ಶರ್ಟು. ಹಾಕದಿದ್ದರೆ ಯಾಕೆಂದು ಕೇಳುತ್ತಿದ್ದರು. ಮೊದಲ ಸಲ ಮಧ್ಯಕ್ಕೆ. ಎರಡನೇ ಸಲ ಮಧ್ಯಕ್ಕೆ. ಮೂರನೆಯದಕ್ಕೆ ಚೆಂಡು ಹಿಂದಕ್ಕೆ ಬಂದಾಗ ಕೋಲ್ಬಿ ಚೆಂಡನ್ನು ನೋಡಲಿಲ್ಲ. ಎಸೆಯಬೇಕಾದ ಹುಡುಗನ ಬಲಗೈ ನೋಡಿದ. ಅದು ಪಕ್ಕೆಗೆ ಅಂಟಿಕೊಂಡೇ ಇತ್ತು. ಇಷ್ಟು ದಿನ ಕಾಣದ್ದು ಈಗ ಇಷ್ಟು ದೂರದಿಂದಲೂ ಕಾಣುತ್ತಿತ್ತು.

ಚೆಂಡು ಮತ್ತೆ ಮಧ್ಯಕ್ಕೇ ಹೋಯಿತು. ಇಪ್ಪತ್ತು ಸಾವಿರ ಜನ ಎದ್ದು ನಿಂತು ಗಾಜಿನ ಕೋಣೆಯ ಕಡೆ ತಿರುಗಿ ಕೋಲ್ಬಿಯ ಮಾತನ್ನೇ ಕೂಗತೊಡಗಿದರು. ವೆರ್ನ್ ಮೊಣಕೈಯಿಂದ ತಿವಿದ. “ಕೂಗೋ ಬಕ್! ನಿಂದೇ ಅಲ್ವೇನೋ? ಗಂಟಲಿಗೇನಾಗಿದೆ? ಎಲ್ಲಾ ನಿನ್ನೇ ನೋಡ್ತಿದಾರೆ!”

ಮುಂದಿನ ಸಾಲಿನವರು ನಿಜವಾಗಿಯೂ ತಿರುಗಿ ನೋಡುತ್ತಿದ್ದರು. ಕೋಲ್ಬಿ ಎದ್ದು ನಿಂತ. ಬಾಯಿ ತೆರೆದ. ತನ್ನದೇ ಮಾತನ್ನು ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಕೂಗಿದ.