ನಾನು ಶಪಿಸಿದವಳಿಂದಲೇ ನಮ್ಮವರ ಕಾಲು ಉಳಿಯಿತು

ತಾಯಿ ಎಲ್ಲಮ್ಮನನ್ನು ನಂಬಿದ ಅಕ್ಕ-ಅಣ್ಣಂದಿರೇ, ಕಳೆದ ಶ್ರಾವಣದ ಒಂದು ಮಂಗಳವಾರ ಮುಂಬೈ ಅಂಧೇರಿಯ ಒಂದು ಬಿಲ್ಡಿಂಗಿನ ಹೊರಗೋಡೆಗೆ ಗಿಲಾವು ಮಾಡುತ್ತಿದ್ದ ನನ್ನ ಗಂಡ, ಮೂರನೇ ಮಹಡಿಯ ಎತ್ತರದಲ್ಲಿ ಬಿದಿರು ಕಟ್ಟಿದ ಅಟ್ಟಣಿಗೆ, ಆ ಪರಾಂಚಿಯಿಂದ ಬಿದ್ದರು. ಸೊಂಟಕ್ಕೆ ಕಟ್ಟುವ ಬೆಲ್ಟು ಇರಲಿಲ್ಲವೇ ಎಂದು ಕೇಳುತ್ತೀರಿ. ಇದ್ದವು! ಅದರ ಹಿಂದಿನ ದಸರೆಯಲ್ಲಿ ಅವಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ಹೊಲಸಾಗುತ್ತವೆಂದು ಕೋಣೆಯಲ್ಲಿಟ್ಟು ಬೀಗ ಜಡಿದಿದ್ದ ಮುಕಾದಮ. ಆಳುಗಳನ್ನು ಕರೆತಂದು ಕೆಲಸ ಮಾಡಿಸುವ ಈ ಮಹಾಶಯ ನಮ್ಮ ವಿಜಯಪುರದ ಕಡೆಯವನೇ. ಥೂ, ಅವನ ಭಕ್ತಿಗಿಷ್ಟು ಬೆಂಕಿ ಬೀಳ!

ಆಸ್ಪತ್ರೆಯಲ್ಲಿ ನಮ್ಮವರು, "ಏ, ನನ್ನ ಕಾಲು ಅದಾವೇನ? ಗೊತ್ತಾಗವಲ್ದು" ಎಂದು ಕೇಳಿದರು. ಹೊರಗೆ ಮುಕಾದಮ ಕಣ್ಣೊರೆಸಿಕೊಳ್ಳುತ್ತ ಹೇಳಿದ: "ಎಬ್ಬಿಸಿ ಕೂಡ್ರಿಸಿ ನೀರು ಕುಡಸಾಕ ಹೋದ್ನಿ ತಂಗಿ. ಲಗೂನ ರಿಕ್ಷಾದಾಗ ಹಾಕ್ತಿದ್ವಿ. ಇಟ್ಟಂಗಿ ಹೊರೋ ಆ ಶಾಂತವ್ವ ಅಡ್ಡ ಬಿದ್ಲು. ಹಲಗಿ ತರ್ರಿ ಅಂತ ಅರ್ಧ ತಾಸು ಮುಟ್ಟಗೊಡಲಿಲ್ಲ."

ನಾನೂ ದಡ್ಡಿ, ನಂಬಿದೆ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ತಾಯಿಯಲ್ಲಿ ಎರಡು ಬೇಡಿದೆ. ನಮ್ಮವರು ನಡೆಯುವಂತಾಗಲಿ, ಆ ಶಾಂತವ್ವನ ಕೈ ಸೇದಿಹೋಗಲಿ.

ಆ ವಾರ್ಡಿನ ತುಂಬ ಬೆನ್ನುಹುರಿಗೆ ಪೆಟ್ಟಾದವರೇ. ಒಬ್ಬ ಲೋಕಲ್ ರೈಲಿನಿಂದ ಬಿದ್ದವನು, ಇನ್ನೊಬ್ಬ ಬೈಕಿನಿಂದ. ಉಳಿದವರೆಲ್ಲ ಎತ್ತರದಿಂದ ಬಿದ್ದ ಕೂಲಿಗಳು. ನೋಡಲು ಬಂದ ನೆಂಟರು "ಗ್ರಹಚಾರ, ಏನ್ ಮಾಡೂದು" ಎಂದು ಬಾಳೆಹಣ್ಣು ಇಟ್ಟು ಹೋಗುತ್ತಿದ್ದರು. ಈ ಗ್ರಹಚಾರಕ್ಕೆ ಪರಾಂಚಿ ಹತ್ತುವವರ ವಿಳಾಸ ಮಾತ್ರ ಗೊತ್ತೇ? ಮಾಲೀಕರ ಮನೆಗೆ ದಾರಿ ಸಿಗುವುದಿಲ್ಲವೇ?

ಆಪರೇಷನ್ ಆಗಿ ಹನ್ನೊಂದನೇ ದಿನ ಡಾಕ್ಟರು ನಮ್ಮವರ ಅಂಗಾಲು ಕೆರೆದರು. ಹೆಬ್ಬೆರಳು ಅಲುಗಿತು! ಇವರನ್ನು ಹಲಗೆಗೆ ಕಟ್ಟಿ ತಂದವರು ಯಾರು ಎಂದು ಹಿಂದಿಯಲ್ಲಿ ಕೇಳಿದರು. ಎಬ್ಬಿಸಿ ಕೂರಿಸಿದ್ದರೆ ಒಳಗಿನ ಹುರಿ ಪೂರ್ತಿ ಹೋಗುತ್ತಿತ್ತು, ಈಗ ನಡೆಯುವ ಆಸೆ ಇದೆ ಎಂದರು. ಶಾಂತವ್ವ ಎಂದು ಹೆಸರು ಹೇಳಿದೆ.

ಈಗ ನಮ್ಮವರು ಕೋಲು ಹಿಡಿದು ಚಾಳಿನ ನಲ್ಲಿಯತನಕ ನಡೆಯುತ್ತಾರೆ. ತಾನು ಒಡೆದ ತೆಂಗಿನಕಾಯಿಯ ಫಲವೆಂದು ಮುಕಾದಮ ಊರೆಲ್ಲ ಸಾರುತ್ತಿದ್ದಾನೆ. ನಾಚಿಕೆ ಇದ್ದರಲ್ಲವೇ!

ತಾಯಿಯ ಪ್ರಸಾದದ ಅರಿಸಿನ, ಆ ಭಂಡಾರದ ಪೊಟ್ಟಣ ಹಿಡಿದು ನಾನು ಶಾಂತವ್ವನ ತಗಡಿನ ಗುಡಿಸಲಿಗೆ ಹೋದೆ. ಒಳಗೆ ಅವಳ ಗಂಡ ಮಲಗಿದ್ದ, ಕಾಲು ಕಡ್ಡಿಯಾಗಿದ್ದವು. ಅವಳ ಕಾಲು ಹಿಡಿದು, ಶಾಪ ಹಾಕಿದ್ದನ್ನೂ ಮುಚ್ಚಿಡದೆ ಹೇಳಿ ಅತ್ತೆ.

"ಇವರು ಬಿದ್ದಾಗೂ ಆ ಮುಕಾದಮನs ಎಬ್ಬಿಸಿ ಕೂಡ್ರಿಸಿದ್ದ" ಎಂದಳು ಶಾಂತವ್ವ. "ಆವಾಗ ನೀರು ತಂದು ಕುಡಿಸಿದಾಕಿ ನಾನs, ಯವ್ವಾ. ನನಗೇನ ಗೊತ್ತಿತ್ತು?"

ಆ ಮನೆಯಲ್ಲಿ ತಾಯಿಯ ಕೃಪೆ ಎನ್ನಲು ನನಗೆ ಬಾಯಿ ಬರಲಿಲ್ಲ. ಶಾಂತವ್ವನೇ ಪೊಟ್ಟಣ ಬಿಚ್ಚಿ, ಮೊದಲು ಗಂಡನ ಹಣೆಗೆ ಹಚ್ಚಿ, ಆಮೇಲೆ ನನ್ನ ಹಣೆಗೆ ಭಂಡಾರ ಹಚ್ಚಿದಳು.