ಅಕ್ಕಿ ತೊಳೆದ ನೀರು

ಆ ದಿನ ಬೆಳಿಗ್ಗೆ ಅಂಗಳ ಗುಡಿಸಿದೆ. ತುಳಸಿಗೆ ಎರಡು ದಿನಕ್ಕಾಗುವಷ್ಟು ನೀರು ಒಟ್ಟಿಗೇ ಹೊಯ್ದೆ. ಹಾಲಿನವನಿಗೆ ನಾಳೆ ಬೇಡ ಎಂದೆ. ಕಾಯಿ ತುರಿದು, ಮೆಣಸು ಹುರಿದು, ಮೀನಿನ ಸಾರಿನ ಮಸಾಲೆ ಅರೆದು ಡಬ್ಬಿಗೆ ತುಂಬಿದೆ. ಅಕ್ಕಿ ಅಳೆದು ಬಟ್ಟೆಯಲ್ಲಿ ಗಂಟು ಕಟ್ಟಿದೆ. ನಾಯಿಯ ಕಿವಿಯೊಳಗಿನ ಉಣ್ಣೆ ಹೆಕ್ಕಿದೆ. ಕಾರಿನ ಹಿಂದಿನ ಸೀಟಿಗೆ ಹಳೆಯ ಚಾದರ ಹಾಸಿದೆ. ಗ್ಯಾಸ್ ಬಂದ್ ಮಾಡಿದ್ದೇನೆಯೇ ಎಂದು ಮತ್ತೆ ಒಳಗೆ ಹೋಗಿ ನೋಡಿ ಬಂದೆ.

ನಾಯಿ ಸಾಕಿದ ಮೇಲೆ ನಾವು ಗಂಡ ಹೆಂಡತಿ ಒಟ್ಟಿಗೆ ಎಲ್ಲಿಗೂ ಹೋದದ್ದಿಲ್ಲ. ಮದುವೆ ಮುಂಜಿಗೆ ಅವರು ಹೋದರೆ ಅಂಕೋಲೆಯ ಮನೆಯಲ್ಲಿ ನಾನು. ಹಿಲ್ಲೂರಿನ ತವರಿಗೆ ನಾನು ಹೋದರೆ ಮನೆಯಲ್ಲಿ ಅವರು. ನಾಯಿಯನ್ನೂ ಕರೆದೊಯ್ಯಬಹುದಾದ ರಜೆ ಎಂದು ಅವರೇ ಇದನ್ನು ಹುಡುಕಿದ್ದು. ಕಾರವಾರದಾಚೆಯ ಒಂದು ದ್ವೀಪದಲ್ಲಿ ಟೆಂಟು ಹಾಕಿ ಒಂದು ರಾತ್ರಿ, ಮರುದಿನ ಇನ್ನೊಂದು ದ್ವೀಪ ನೋಡಿ ವಾಪಸು. ಟೆಂಟು ಅವರ ಆಫೀಸಿನ ಗೆಳೆಯನೊಬ್ಬನದು.

ಕಾರವಾರದ ಪೇಟೆಯಲ್ಲಿ ಬಂಗಡೆ ಮೀನು ಕೊಂಡು, ದೋಣಿ ಹತ್ತುವ ಧಕ್ಕೆಗೆ ಬಂದೆವು. ಅವರು ಕಾರು ನಿಲ್ಲಿಸಲು ಹೋಗಿದ್ದರು. ದೋಣಿಯವನು ನಮ್ಮ ಸಾಮಾನು ನೋಡಿ ತಲೆ ಕೆರೆದುಕೊಂಡ.

"ವೈನೀ, ಮನೀನೇ ಕಿತ್ಕೊಂಡ್ ಬಂದ್ರಿ ಕಾಣ್ತದೆ. ಬಾಗ್ಲ ಚೌಕಟ್ಟು ಒಂದೇ ಬಿಟ್ಟದ್ದು. ಸಣ್ಣ ದೋಣಿ ಇದು, ಏನಾರೂ ಒಂದ್ ಇಳ್ಸಿ."

ಟೆಂಟು, ಹಾಸಿಗೆ, ಪಾತ್ರೆ, ಈಳಿಗೆಮಣೆ, ನೀರಿನ ಎರಡು ಕ್ಯಾನು. ಈಳಿಗೆಮಣೆ ಇಲ್ಲದೆ ನನಗೆ ಮೀನು ಹೆಚ್ಚಲು ಬರುವುದಿಲ್ಲ. ಒಂದು ಕ್ಯಾನು ಇಳಿಸಿ ಎಂದೆ. ಅಲ್ಲಿ ಬಾವಿ ಇದ್ದೀತು ಎಂದುಕೊಂಡೆ. ಕೇಳಬಹುದಿತ್ತು, ಕೇಳಲಿಲ್ಲ. ಅವರು ಬಂದಾಗ ಹೇಳಲೂ ಇಲ್ಲ.

ಬಾವಿ ಇರಲಿಲ್ಲ.

ನಾಯಿಗೆ ಮಾತ್ರ ಆ ಮರಳು ದಂಡೆ ಸ್ವರ್ಗವಾಗಿತ್ತು. ಏಡಿಗಳ ಹಿಂದೆ ಓಡಿತು, ಅವು ಬಿಲಕ್ಕಿಳಿದರೆ ಬಿಲಕ್ಕೇ ಬೊಗಳಿತು. ನಾನು ಮೂರು ಕಲ್ಲು ಹೂಡಿ ಒಲೆ ಮಾಡಿದೆ. ಅಕ್ಕಿಯನ್ನು ಮೂರು ಸಲ ತೊಳೆಯದೆ ಒಲೆಗೆ ಇಡುವ ಕೈಯಲ್ಲ ನನ್ನದು. ಮೂರು ಸಲ ತೊಳೆದೆ, ಮೂರು ಸಲವೂ ಆ ನೀರನ್ನು ಮರಳಿಗೆ ಚೆಲ್ಲಿದೆ. ಮೀನನ್ನೂ ಅದೇ ಕ್ಯಾನಿನ ನೀರಲ್ಲಿ ತೊಳೆದೆ. ನಾಯಿ ಓಡಿಬಂದು ಒದ್ದೆ ಮರಳು ನೆಕ್ಕತೊಡಗಿತು. ಹಚಾ ಎಂದು ಓಡಿಸಿದೆ. ಅದು ಬಂಡೆಗಳ ಕಡೆ ಹೋಯಿತು. ಅನ್ನದ ಎಸರಿಗೆ ನೀರು ತೆಗೆದಿಟ್ಟು ಮೊದಲು ಸಾರು ಕುದಿಸಿದೆ.

ಬಿಸಿಲು ಇಳಿಯುವ ಹೊತ್ತಿಗೆ ನಾಯಿ ಬಂದು ಟೆಂಟಿನೊಳಗಿನ ಚಾಪೆಯ ಮೇಲೆ ಕಾರಿತು, ಇನ್ನೊಮ್ಮೆ ಕಾರಿತು. ಮೀನು ಕದ್ದು ತಿಂದಿದೆ ಎಂದು ಸೌಟಿನಿಂದ ಬೆನ್ನಿಗೆ ಬಾರಿಸಿದೆ. ಓಡಲಿಲ್ಲ. ಇದ್ದಲ್ಲೇ ಕುಗ್ಗಿ ಕುಳಿತಿತು.

ಅವರು ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು. ಬಂಗಡೆ ಎಲ್ಲ ಇದ್ದವು. ಆಮೇಲೆ ನಾಯಿಯ ಬಟ್ಟಲು ನೋಡಿದರು. ಅದರಲ್ಲಿ ಮರಳು ಮಾತ್ರ ಇತ್ತು.

"ಇದ್ಕೆ ನೀರ್ ಯಾವಾಗ ಇಟ್ಟಿದ್ದೆ?"

ನಾನು ಬಟ್ಟಲಿನ ಮರಳು ಕೊಡವಿದೆ.

"ಸಮುದ್ರದ ನೀರ್ ಕುಡ್ದದೆ ಮಾರಾಯ್ತಿ. ಆ ಇನ್ನೊಂದ್ ಕ್ಯಾನ್ ತಾ."

"ಅದು ಧಕ್ಕೆ ಮೇಲೇ ಉಳೀತು."

"ಉಳೀತೋ, ಉಳ್ಸಿದ್ಯೋ?"

"ಉಳ್ಸ್ದೆ."

ತಂದ ಕ್ಯಾನಿನಲ್ಲಿ ತಳದ ನೀರಷ್ಟೇ ಇತ್ತು. ನೀರು ಎಲ್ಲೆಲ್ಲಿ ಹೋಯಿತೆಂದು ಹೇಳಿದೆ. "ಮೀನ ಹುಟ್ಟಿದ್ದೇ ಸಮುದ್ರದಾಗೆ, ಅದ್ನ ಸಿಹಿ ನೀರಾಗ ಮೀಯ್ಸಿದ್ಯಾ?" ಎಂದರು. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ.

ದೋಣಿಯವನಿಗೆ ಫೋನು ಹತ್ತಿತು. "ಗಾಳಿ ಎದ್ದದೆ ಸಾಹೇಬ್ರೆ, ಈಗ ದೋಣಿ ಬಿಡೂಕಾಗ್ತಿಲ್ಲ. ಬೆಳಗಾಗ್ತಿದ್ದಂಗೆ ಬರ್ತೆ."

ಅಲ್ಲಿಯವರೆಗೆ ನಾಯಿಯನ್ನು ಉಳಿಸಿಕೊಳ್ಳಬೇಕಿತ್ತು. ಕಾಲು ಚಾಚಿ ಮಲಗಿದ್ದ ಅದರ ಹೊಟ್ಟೆ ಬೇಗ ಬೇಗ ಏರಿಳಿಯುತ್ತಿತ್ತು. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು, ಅದಕ್ಕೆ ಉಪ್ಪು ಹಾಕಿರಲಿಲ್ಲ. ಅದೊಂದು ಪುಣ್ಯ. ಸೌಟಿನಿಂದ ಗಂಜಿ ತೋಡಿ ತಟ್ಟೆಗೆ ಸುರಿದು, ಇನ್ನೊಂದು ತಟ್ಟೆಯಿಂದ ಬೀಸಿ ಆರಿಸಿದೆ. ಬಟ್ಟಲಿಗೆ ಹಾಕಿ ಮುಂದಿಟ್ಟರೆ ನಾಯಿ ನನ್ನ ಬಲಗೈ ನೋಡಿ ಮುಖ ತಿರುಗಿಸಿತು. ಆಗಲೇ ನನಗೆ ತಿಳಿದದ್ದು, ಸೌಟು ಇನ್ನೂ ಕೈಯಲ್ಲೇ ಇದೆ ಎಂದು. ಅದನ್ನು ದೂರ ಎಸೆದೆ. ಬೆರಳು ಗಂಜಿಯಲ್ಲಿ ಅದ್ದಿ ಬಾಯಿಗೆ ಹಿಡಿದೆ. ನಾಲಗೆ ಒಣಗಿದ ಬಟ್ಟೆಯ ಹಾಗಿತ್ತು. ನೆಕ್ಕಿತು. ಬೊಗಸೆಯಲ್ಲಿ ಕೊಟ್ಟೆ, ಕಾದೆ. ಕಾರಲಿಲ್ಲ. ಮತ್ತೆ ಕೊಟ್ಟೆ.

ಕತ್ತಲಾಗುತ್ತಿದ್ದಂತೆ ಅದು ಎದ್ದು, ತೂರಾಡಿಕೊಂಡು ಟೆಂಟಿನ ಗೂಟದ ಹತ್ತಿರ ಹೋಗಿ ಕಾಲೆತ್ತಿತು. "ಬದುಕ್ತು ಬಿಡೆ. ಆದ್ರೆ ಟೆಂಟಿನವ್ನಿಗೆ ಎಂತಾ ಹೇಳೂದು?" ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ. ತುಳಸಿಗೆ ಎರಡು ದಿನದ ನೀರು ಹೊಯ್ದದ್ದು ನೆನಪಾಗುತ್ತಿತ್ತು.

ನಾಳೆಯ ದ್ವೀಪ ಬೇಡ ಎಂದೆ. ಅವರು ಹೂಂ ಎಂದರು. ತಳದ ನೀರಲ್ಲಿ ಅವರ ಸಕ್ಕರೆ ಕಾಯಿಲೆಯ ಮಾತ್ರೆಗೆ ಒಂದು ಗುಟುಕು, ಉಳಿದದ್ದು ನಾಯಿಗೆ. ಬಾಯಾರಿಕೆ ಆದೀತೆಂದು ಮೀನಿನ ಸಾರನ್ನು ಇಬ್ಬರೂ ಮುಟ್ಟಲಿಲ್ಲ. ಉಪ್ಪಿಲ್ಲದ ಅನ್ನ, ಒಂದೊಂದು ಬಾಳೆಹಣ್ಣು ತಿಂದೆವು. ಪಾತ್ರೆ ಹಾಗೇ ಬಿದ್ದಿತ್ತು. ಸಮುದ್ರ ಹತ್ತಿರವೇ ಇತ್ತು, ತೊಳೆಯಬಹುದಿತ್ತು. ಆದರೆ ಮೊದಲು ನಿದ್ದೆ ಹೋದದ್ದು ನಾಯಿ, ನನ್ನ ಬಲಗೈಯ ಮೇಲೆ ತಲೆಯಿಟ್ಟು. ನಾನು ಏಳಲಿಲ್ಲ.